ಬಣ್ಣ ಹೊಡೆಯದ ಬಾಗಿಲು

ಸತ್ಯಮಂಗಲ, ಬುಧವಾರ

ಉಸ್ತಾದ್ ಕರೀಂ ಸಾಬರಿಗೆ ತಿಮ್ಮರಾಜುವಿನ ನಮಸ್ಕಾರ.

ಇಪ್ಪತ್ತು ವರ್ಷದ ಹಿಂದೆ ನೀವು ತಗಡು ಬಡಿದಿದ್ದ ಕಾಂಟೆಸ್ಸಾ ಕಾರು ತುಕ್ಕು ಹಿಡಿದು ಮತ್ತೆ ಶೆಡ್ಡಿಗೆ ಬಂದಿದೆ. ಬಾಗಿಲಿನ ಮೇಲೆ ಅಯಸ್ಕಾಂತ ಆಡಿಸಿದೆ. ತಗಡು ಬಡಿಯದೆ ತಗ್ಗಿಗೆ ಪುಟ್ಟಿ ಮೆತ್ತಿ ಮುಚ್ಚಿದ ಕಡೆ ಅದು ಅಂಟುವುದಿಲ್ಲ. ಇಲ್ಲಿ ಎಲ್ಲ ಕಡೆ ಅಂಟಿತು. ಬಣ್ಣ ಕೆರೆದರೆ ಬರೀ ತಗಡು, ಅದರ ಮೇಲೆ ನಿಮ್ಮ ಎಡಗೈ ಸುತ್ತಿಗೆಯ ಗುರುತು.

ಹೋದ ವರ್ಷ ಗಿರಾಕಿಗಳ ಮುಂದೆ ನಾನು, ‘ಸಾಬರದೆಲ್ಲ ಪುಟ್ಟಿ ಕೆಲಸ ಬುಡಿ’ ಅಂದಿದ್ದೆ. ‘ಆಯ್ತು ಕಣಪ್ಪ, ಇನ್ಮೇಲೆ ನೀನೇ ನೋಡ್ಕೋ’ ಎಂದು ನೀವು ಶೆಡ್ಡು ನನಗೆ ಬಿಟ್ಟು ಗುಬ್ಬಿ ಊರಿಗೆ ಹೋದಿರಿ.

ಬಾಗಿಲಿನ ಕೆಳಗಿನ ಅಂಚು ತುಕ್ಕಿಗೆ ಹೋಗಿದೆ. ಹೊಸ ತಗಡಿಗೆ ಆ ಬಾಗು ನನ್ನ ಕೈಯಲ್ಲಿ ಬರುತ್ತಿಲ್ಲ. ಸೋಮವಾರ ಬನ್ನಿ. ಅಂದು ನನ್ನ ಮಾತು ಕೇಳಿದ ಗಿರಾಕಿಗಳಿಗೂ ಬರಹೇಳಿದ್ದೇನೆ. ಬಣ್ಣ ಹೊಡೆದರೆ ಅವರಿಗೆ ಏನೂ ಕಾಣುವುದಿಲ್ಲ. ಅದಕ್ಕೇ ಬಾಗಿಲನ್ನು ಹಾಗೇ ಬಿಟ್ಟಿದ್ದೇನೆ.

ನಿಮ್ಮ ಶೆಡ್ಡಿನಿಂದ,
ತಿಮ್ಮರಾಜು