ಮುನ್ನೂರು ಮೀಟರಿನ ನಿಯಮ

ಕರಿಹಳ್ಳ, ಕೃಷ್ಣೆಯ ದಂಡೆ
ಕೂಡುಪೀಠದ ಮೂವತ್ತೈದನೆಯ ವರ್ಷ, ಶ್ರಾವಣ
ನಿಮ್ಮ ಲೆಕ್ಕದಲ್ಲಿ ಕ್ರಿ.ಶ. 2219

ನನಗಿಂತ ಎಷ್ಟೋ ತಲೆಮಾರು ಹಿಂದಿನ ಹಿರಿಯರಿಗೆ ಗುರುಬಾಯಿಯ ನಮಸ್ಕಾರಗಳು.

ನಿಮ್ಮ ಪಾಲಿಗೆ ಇನ್ನೂ ಹುಟ್ಟದ ವರ್ಷದಿಂದ ಈ ಕಾಗದ ಬರೆಯುತ್ತಿದ್ದೇನೆ. ಇದು ನಿಮ್ಮ ಕೈ ಸೇರುವುದು ಹೇಗೆಂದು ನಾನರಿಯೆ. ನಿಮಗೆ ಗೊತ್ತಿರದ ಪದಗಳು ನಡುವೆ ಬಂದರೆ ಮನ್ನಿಸಬೇಕು. ಅವುಗಳಲ್ಲಿ ಕೆಲವು ನಮಗೇ ಇನ್ನೂ ಒಗ್ಗಿಲ್ಲ.

ನನಗೀಗ ಅರವತ್ತೊಂದು. ಕರಿಹಳ್ಳದ ಕೂಡುಪೀಠದಲ್ಲಿ ಶಿರಸ್ತೇದಾರ್ ಕೆಲಸ. ಕಾನೂನು ಮಾಡುವುದು, ಅದನ್ನು ಜಾರಿಗೆ ತರುವುದು, ಅದರ ಮೇಲಿನ ತಕರಾರು ಕೇಳುವುದು, ಈ ಮೂರೂ ಒಂದೇ ಮೇಜಿನ ಮೇಲೆ ನಡೆಯುವ ಕಚೇರಿಗೆ ನಾವು ಕೂಡುಪೀಠ ಎನ್ನುತ್ತೇವೆ. ಬಿಸಿಲಿನ ಕಾರಣ ಕಚೇರಿ ಬೆಳಗಿನ ಆರಕ್ಕೆ ತೆರೆದು ಹತ್ತೂವರೆಗೆ ಮುಚ್ಚುತ್ತದೆ. ಆಮೇಲೆ ಊರೆಲ್ಲ ನೆರಳುಬೀದಿಯಲ್ಲಿ, ಅಂದರೆ ಮೇಲೆ ದಪ್ಪ ಬಟ್ಟೆ ಹೊದಿಸಿದ ಓಣಿಗಳಲ್ಲಿ, ಪಾಳಿನೀರಿಗಾಗಿ ಕೊಡ ಸಾಲಿಟ್ಟು ಕೂರುತ್ತದೆ. ಓಣಿಯ ಪಾಳಿ ಬಂದಾಗ ಮಾತ್ರ ಬಿಡುವ ನೀರು ಅದು.

ನಾನು ಗುಮಾಸ್ತೆಯಾಗಿ ಸೇರಿದಾಗ ಇದೇ ಕಟ್ಟಡ ಕೋರ್ಟಾಗಿತ್ತು. ಸರ್ಕಾರಿ ಕಚೇರಿ ರಸ್ತೆಯಾಚೆ ಇತ್ತು, ಶಾಸನಸಭೆ ದೂರದ ರಾಜಧಾನಿಯಲ್ಲಿ. ನಮ್ಮ ನ್ಯಾಯಾಧೀಶರು ಸಹಿ ಮಾಡಿದ ಹಾಳೆಯೊಂದು ರಸ್ತೆ ದಾಟಿದರೆ ಆಚೆಯ ಅಧಿಕಾರಿಗಳು ಗೊಣಗುತ್ತಲೇ ಬಂದು ಕೈಕಟ್ಟಿ ನಿಲ್ಲುತ್ತಿದ್ದರು. ಅದು ದೊಡ್ಡ ಸಂಗತಿ ಎಂದು ಆಗ ನಮಗೆ ಅನ್ನಿಸಿರಲಿಲ್ಲ.

ಸತತ ನಾಲ್ಕು ಬೇಸಿಗೆ ನದಿ ಬತ್ತಿತು. ನೀರು ಹಂಚುವ ಮಸೂದೆ ಶಾಸನಸಭೆಯಲ್ಲಿ ಹನ್ನೊಂದು ತಿಂಗಳು ಜಗಳದಲ್ಲೇ ಇತ್ತು. ಸರ್ಕಾರ ಆದೇಶ ಹೊರಡಿಸಿದರೆ ಕೋರ್ಟು ತಡೆಯುತ್ತಿತ್ತು. ಜನ ದಣಿದಿದ್ದರು, ನಾನೂ ದಣಿದಿದ್ದೆ. ಆಗ ಒಕ್ಕೂಟದ ದೊಡ್ಡ ಸರ್ಕಾರ ಮೂರೂ ಅಧಿಕಾರಗಳನ್ನು ನೀರಿನ ಅಧಿಕಾರಿಗಳ ಕೈಗೆ ತಾತ್ಕಾಲಿಕವಾಗಿ ಕೊಟ್ಟಿತು. ಕೂಡುಪೀಠ ಹುಟ್ಟಿದ್ದು ಹಾಗೆ. ವಾರದಲ್ಲಿ ನೀರು ಬಂತು. ನಾವು ಸಿಹಿ ಹಂಚಿದೆವು. ಅವಧಿ ಮುಗಿದಾಗ ಅದನ್ನು ವಿಸ್ತರಿಸಿದರು. ನಮ್ಮ ಪ್ರಾಂತದ ಶಾಸನಸಭೆ ಆಕ್ಷೇಪ ಕಳಿಸಿತು. ಆ ಆಕ್ಷೇಪವನ್ನು ಕೇಳಬೇಕಾದದ್ದೂ ಕೂಡುಪೀಠವೇ ಆಗಿತ್ತು. ಕೇಳಿತು, ವಜಾ ಮಾಡಿತು. ಪ್ರಾಂತದ ಸಭೆ ಕ್ರಮೇಣ ಸೇರುವುದನ್ನೇ ಬಿಟ್ಟಿತು.

ನಾನು ಹೇಳಬೇಕೆಂದದ್ದು ಹದಿನೈದು ವರ್ಷದ ಹಿಂದೆ ನಡೆದದ್ದು. ಆಗ ಇಲ್ಲಿ ಪೀಠಾಧಿಕಾರಿ ಅಂಬಾರಾಯ. ಓದಿದವನು, ನಯವಾಗಿ ಮಾತನಾಡುವವನು, ಲಂಚ ಮುಟ್ಟದವನು. ಕಾಲುವೆಯ ನೀರು ಬಾವಿಗಳಿಗೆ ಬಸಿಯುತ್ತದೆಂದು, ಅದರಿಂದ ಮುನ್ನೂರು ಮೀಟರಿನೊಳಗಿನ ಬಾವಿಗಳನ್ನೆಲ್ಲ ಮುಚ್ಚಬೇಕೆಂಬ ನಿಯಮವನ್ನು ಅವನೇ ಬರೆದ, ನಕ್ಷೆ ಮಾಡಿಸಿದ, ಇನ್ನೂರ ಹನ್ನೆರಡು ಬಾವಿಗಳಿಗೆ ಕಾಂಕ್ರೀಟ್ ಮುಚ್ಚಳ ಹಾಕಿಸಿದ. ಅದರಲ್ಲಿ ತಿಪ್ಪಮ್ಮನದೂ ಒಂದು. ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವುದು ಅವಳ ಮನೆತನದ ಕಸುಬು. ಬಾವಿ ಹೋದರೆ ಕಸುಬೂ ಹೋದಂತೆ. ಅವಳು ಮೇಲ್ಮನವಿ ಹಾಕಿದಳು. ವಿಚಾರಣೆಯ ದಿನ ಎದುರಿಗೆ ಕುಳಿತಿದ್ದವನು ಅಂಬಾರಾಯನೇ.

"ಸಾಹೇಬ್ರ, ಮುಚ್ಚಂದೋರು ನೀವೇ ಅಲ್ಲೇನ್ರೀ?"

"ಹೌದವ್ವ."

"ಮತ್ತ ನಾ ಯಾರ ಮ್ಯಾಲ ಯಾರಿಗಿ ಹೇಳ್ಲಿ?"

ಅಂಬಾರಾಯ ತಲೆ ತಗ್ಗಿಸಿ ನಕ್ಷೆ ತೆಗೆದ. ಬಾವಿ ಇನ್ನೂರ ತೊಂಬತ್ತು ಮೀಟರಿನಲ್ಲಿದೆ ಎಂದ. ಅಷ್ಟು ಹತ್ತಿರ ಇಲ್ಲವೇ ಇಲ್ಲ, ಬಂದು ಅಳೆಯಿರಿ ಎಂದು ಅವಳು ಕೇಳಿದಳು. ನಕ್ಷೆ ಇರುವಾಗ ಅಳೆಯುವುದೇಕೆ ಎಂದು ಮನವಿ ವಜಾ ಆಯಿತು.

ಹಿಂದಿನ ಕಾಲವಾಗಿದ್ದರೆ ನ್ಯಾಯಾಧೀಶರು ಯಾರಾದರೊಬ್ಬ ವಕೀಲರನ್ನು ಕೋರ್ಟಿನ ಕಮಿಷನರಾಗಿ ಸ್ಥಳ ಅಳೆದು ಬರಲು ಕಳಿಸುತ್ತಿದ್ದರು. ಆ ಅಭ್ಯಾಸ ನನ್ನಲ್ಲಿ ಉಳಿದಿತ್ತೋ ಏನೋ. ರಜೆಯ ದಿನ ಟೇಪು ಹಿಡಿದು ನಾನೇ ಹೋದೆ. ತಿಪ್ಪಮ್ಮ ಒಂದು ತುದಿ ಹಿಡಿದಳು, ನಾನೊಂದು. ಮೂರು ಸಲ ಅಳೆದೆವು. ಮೂರು ಸಲವೂ ಮುನ್ನೂರ ಮೂವತ್ತೆಂಟು ಬಂತು.

ಮರುದಿನ ಅಳತೆ ಬರೆದ ಚೀಟಿಯನ್ನು ಅಂಬಾರಾಯನ ಮುಂದಿಟ್ಟೆ. ಅವನು ಸಿಟ್ಟಾಗಲಿಲ್ಲ. ಒಬ್ಬನೇ ಹೋಗಿ ಅಳೆದುಕೊಂಡು ಬಂದ. ಮುಖ ಬಾಡಿತ್ತು.

"ನಕ್ಷಾನೇ ತಪ್ಪದ, ಗುರುಬಾಯಿ. ಇದೊಂದು ತಪ್ಪಂದ್ರ ಇನ್ನೂರಾ ಹನ್ನೆರಡೂ ಮುಚ್ಚಳ ತಗೀಬೇಕಾಗ್ತದ."

"ತಗೀರಿ ಸರ್."

"ಮ್ಯಾಲಿನವ್ರಿಗಿ ಏನ್ ಹೇಳ್ಲಿ? ನಾ ಮಾಡಿದ ಕಾನೂನು ನಾನೇ ತಪ್ಪು ಜಾರಿ ಮಾಡಿ, ಅದರ ಮ್ಯಾಲಿನ ಮನವಿನೂ ನಾನೇ ವಜಾ ಮಾಡೀನಿ ಅಂತ ಹೇಳ್ಲಾ?" ಕಣ್ಣು ಒರೆಸಿಕೊಂಡ. "ನಿನ್ನದು ತಪ್ಪು ಅಂತ ಹೇಳಾವ ಇನ್ನೊಬ್ಬ ಇದ್ದಿದ್ರ ನಾ ಕೈ ಮುಗಿದು ಮನಿಗಿ ಹೋಗ್ತಿದ್ದೆ. ಯಾರೂ ಇಲ್ಲಲ್ಲ."

ಕಚೇರಿ ಮುಚ್ಚುವ ಹೊತ್ತಿಗೆ ತಿದ್ದುಪಡಿ ನನ್ನ ಮೇಜಿಗೆ ಬಂತು. 'ಮುನ್ನೂರು' ಎಂಬಲ್ಲಿ 'ಮುನ್ನೂರ ಐವತ್ತು' ಎಂದು ಓದಿಕೊಳ್ಳತಕ್ಕದ್ದು. ಮೊಹರು ಹಾಕುವುದು ನನ್ನ ಕೆಲಸ. ಹಾಕಿದೆ. ಹಾಕದಿದ್ದರೆ ಇನ್ನೊಬ್ಬರು ಹಾಕುತ್ತಿದ್ದರೆಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೇ ಆಗಿತ್ತು.

ಆ ಐವತ್ತು ಮೀಟರಿನಲ್ಲಿ ಹೊಸದಾಗಿ ಹದಿನೇಳು ಬಾವಿಗಳು ಸಿಕ್ಕವು, ಅವಕ್ಕೂ ಮುಚ್ಚಳ ಬಿತ್ತು. ಒಂದು ನನ್ನ ನೆರೆಮನೆಯ ಶಹಜಾದಿಬೀಯದು. ಅಳೆದವಳು ನಾನೆಂದು ಊರಿಗೆಲ್ಲ ಗೊತ್ತಾಗಿತ್ತು. ಪಾಳಿನೀರಿನ ಸಾಲಿನಲ್ಲಿ ಅವಳು ತನ್ನ ಕೊಡವನ್ನು ನನ್ನ ಕೊಡದ ಪಕ್ಕದಿಂದ ಎತ್ತಿ ಬೇರೆ ಕಡೆ ಇಟ್ಟಳು. ಸಾಯುವವರೆಗೂ ನನ್ನೊಡನೆ ಮಾತಾಡಲಿಲ್ಲ. ತಿಪ್ಪಮ್ಮನಿಗೆ ತಿದ್ದುಪಡಿ ಓದಿ ಹೇಳಿದವಳೂ ನಾನೇ. ಅವಳು ಎರಡು ಸಲ ಓದಿಸಿದಳು.

"ನನ್ನ ಬಾವಿ ಇದ್ದಲ್ಲೇ ಅದ ಬಾಯಾರ. ಕಾನೂನೇ ನಡಕೋತ ಬಂದು ಅದಕ್ಕ ಮುಟ್ಟೇದ," ಎಂದಳು.

ಅಂಬಾರಾಯ ಎರಡು ವರ್ಷದ ಮೇಲೆ ವರ್ಗ ಮಾಡಿಸಿಕೊಂಡು ಹೋದ. ಆಮೇಲೆ ಬಂದವರು ಅವನಷ್ಟು ಒಳ್ಳೆಯವರಲ್ಲ, ಬಹಳ ಕೆಟ್ಟವರೂ ಅಲ್ಲ. ತಿಪ್ಪಮ್ಮ ಈಗ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಪ್ರತಿ ವರ್ಷ ಮೇಲ್ಮನವಿ ಹಾಕುತ್ತಾಳೆ, ನಾನು ಬರೆದುಕೊಡುತ್ತೇನೆ, ವಾರದೊಳಗೆ ವಜಾ ಆಗಿ ನನ್ನ ಕೈಗೇ ಬರುತ್ತದೆ. ಈ ಸಲ ನನಗೆ ಸಾಕಾಗಿ, ಇನ್ನೇಕೆ ತಿಪ್ಪಮ್ಮ ಎಂದು ಕೇಳಿಬಿಟ್ಟೆ.

"ಬರೀರಿ ಬಾಯಾರ," ಎಂದಳು. "ಮುಂದ ಕೇಳಾವ್ರು ಹುಟ್ಟಿದಾಗ ಕಾಗದ ಇಲ್ಲಂದ್ರ ಹ್ಯಾಂಗ?"

ಹಿರಿಯರೇ, ಕೇಳುವವರು ನಿಮ್ಮಲ್ಲಿ ಇನ್ನೂ ಇದ್ದಾರೆ. ಅವರು ತಡ ಮಾಡುತ್ತಾರೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡ ಬರುತ್ತಾರೆ, ನಿಮ್ಮ ತಾಳ್ಮೆ ಕೆಡಿಸುತ್ತಾರೆ. ಬೇಕಾದಷ್ಟು ಬೈಯಿರಿ. ಆದರೆ ದಣಿವಾಯಿತೆಂದು ಮೂವರನ್ನು ಒಬ್ಬನನ್ನಾಗಿ ಮಾಡಬೇಡಿ. ಆ ಒಬ್ಬ ಒಳ್ಳೆಯವನೇ ಆಗಿದ್ದರೂ ತನ್ನ ತಪ್ಪನ್ನು ಇಳಿಸಲು ಅವನಿಗೆ ಜಾಗವಿರುವುದಿಲ್ಲ. ಅದನ್ನು ತಂದು ನಮ್ಮ ಮೇಲೆಯೇ ಇಡುತ್ತಾನೆ.

ಇಷ್ಟೇ ನನ್ನ ಬೇಡಿಕೆ. ಹೊರಗೆ ಬಿಸಿಲೇರಿದೆ, ಬಾಗಿಲು ಹಾಕಬೇಕು.

ನಿಮ್ಮ ಮುಂದಿನವಳು,
ಗುರುಬಾಯಿ