ಹನ್ನೊಂದನೇ ಸಾಲು

ಮಾರ್ಚ್ 3, ಬೆಳಿಗ್ಗೆ

ಬೋರ್ಡಿನ ತಗಡಿಗೆ ಹಚ್ಚಿದ ಪ್ರೈಮರ್ ಒಣಗಿಲ್ಲ. ನಿನ್ನೆ ಬಳಿದದ್ದು ಇನ್ನೂ ಬೆರಳಿಗೆ ಅಂಟುತ್ತೆ. ಪೇಂಟ್ ಅಂಗಡಿಯವನು ಹಳೇ ಡಬ್ಬ ತಲೆಗೆ ಕಟ್ಟಿದ್ದಾನೆ. ಅಷ್ಟರಲ್ಲಿ ಮಾರ್ಕೆಟ್ ಸಂಘದ ಸೆಕ್ರೆಟರಿ ಎರಡು ಸಲ ಫೋನ್. "ಯಜಮಾನ್ರೇ, ಹತ್ತನೇ ತಾರೀಖು ಫಂಕ್ಷನ್." ಗೊತ್ತಪ್ಪ. ತಗಡಿಗೆ ಗೊತ್ತಿಲ್ಲ.

ಕೊರೋನಾದಲ್ಲಿ ಹೋದ ಮಾರ್ಕೆಟ್ಟಿನವರ ಹೆಸರು ಬರೆಸಿ ಗೇಟಿಗೆ ಹಾಕ್ತಾರಂತೆ. ಐದು ವರ್ಷ ಆದ್ಮೇಲೆ ಈಗ ನೆನಪಾಗಿದೆ ಇವರಿಗೆ.

ಮಧ್ಯಾಹ್ನ

ಪಟ್ಟಿ ಬಂತು. ಇಪ್ಪತ್ತಮೂರು ಹೆಸರು. ಎರಡು ಸಲ ಓದಿದೆ. ಕನ್ನಡಕ ಒರೆಸಿ ಇನ್ನೊಂದು ಸಲ. ನನ್ನ ಹೆಂಡತಿ ಹೆಸರಿಲ್ಲ.

ಇಪ್ಪತ್ತಾರು ವರ್ಷ ಆ ಗೇಟಿನಲ್ಲಿ ಟೀ ಕಾಸಿದಳು. ಅಲ್ಲಿಂದಲೇ ಆಂಬುಲೆನ್ಸ್ ಹತ್ತಿದಳು, ನಡ್ಕೊಂಡು. ವಾಪಸ್ ಬರಲಿಲ್ಲ.

ಸೆಕ್ರೆಟರಿಗೆ ಫೋನ್ ಮಾಡಿದೆ.

"ಅಕ್ಕ ಮೆಂಬರ್ ಅಲ್ವಲ್ಲ ಯಜಮಾನ್ರೇ. ಗೇಟಿನ ಹೊರಗೆ ಕೂರ್ತಿದ್ರು. ರೂಲ್ಸ್ ಇದೆ."

"ಹೊರಗೆ ಕೂತೋಳ ಟೀ ನಿನ್ನ ಗಂಟಲಲ್ಲಿ ಹೆಂಗಪ್ಪಾ ಇಳೀತಿತ್ತು?"

ನಕ್ಕ. ಫೋನ್ ಇಟ್ಟೆ. ಇನ್ನೊಂದು ಸಲ ಕೇಳಲ್ಲ. ಹಲ್ಲು ಗಿಂಜೋ ವಯಸ್ಸಲ್ಲ ನಂದು.

ಮಾರ್ಚ್ 5

ಒಂಬತ್ತು ಹೆಸರು ಆಯ್ತು. ನಿಂಬೆಹಣ್ಣಿನವಳು — ನನ್ನವಳ ಜೊತೆ ದಿನಾ ಜಗಳ, ದಿನಾ ಟೀ. ಐಸ್ ಒಡೆಯೋನು — ಮೂವತ್ತೂ ತುಂಬಿರಲಿಲ್ಲ. ಅಲ್ಲಿ ಕೈ ನಿಂತುಬಿಡ್ತು, ಬಣ್ಣ ಇಳೀತು. ಟರ್ಪೆಂಟೈನಲ್ಲಿ ಒರೆಸಿ ಮತ್ತೆ ಬರೆದೆ.

ಮಗಳು ಬಂದಿದ್ದಳು. "ಅಮ್ಮನ ಹೆಸರೇ ಇಲ್ಲ. ಬಿಟ್ಟುಬಿಡಪ್ಪಾ, ಬೇರೆಯವರು ಮಾಡ್ಲಿ."

ಬೇರೆಯವರು ಸ್ಟಿಕ್ಕರ್ ಅಂಟಿಸ್ತಾರೆ. ಎರಡು ಬೇಸಿಗೆಗೆ ಸಿಪ್ಪೆ ಏಳುತ್ತೆ. ಸತ್ತೋರು ಎರಡೆರಡು ಸಲ ಹೋಗಬೇಕಾ?

ಮಾರ್ಚ್ 8, ಸಂಜೆ

ಮುಗೀತು. ಗೇಟಿಗೆ ಒರಗಿಸಿದ್ರು. ಹಸಿ ಇದೆ ಅಂದ್ರೂ ಮುಟ್ಟಿ ಮುಟ್ಟಿ ನೋಡ್ತಾರೆ. ನಾಲ್ಕು ಕಡೆ ಬೆರಳಚ್ಚು. ತಿದ್ದಿದೆ.

ಮಾರ್ಚ್ 9, ಹನ್ನೆರಡು ಗಂಟೆ

ಎಂಥಾ ಜನ ಇವರು.

ಬೆಳಿಗ್ಗೆ ಒಬ್ಬ ಬಸ್ಸಿಳಿದು ಬಂದ, ಬಗಲಲ್ಲಿ ಚೀಲ. ಬೋರ್ಡಿನ ಮೇಲೆ ಬೆರಳಿಟ್ಟು ಓದ್ತಾ ಬಂದು ಹನ್ನೊಂದನೇ ಸಾಲಿಗೆ ನಿಂತ. "ಇದು ನಾನಲ್ವಾ?"

ತೂಕದವನು! ಈರುಳ್ಳಿ ಮೂಟೆ ತೂಗ್ತಿದ್ದೋನು. ಕೊರೋನಾ ಟೈಮಲ್ಲಿ ತನ್ನ ಮಗಳ ಮನೆಗೆ ಹೋದೋನು ಅಲ್ಲೇ ಉಳ್ಕೊಂಡಿದ್ದಾನೆ. ಸೆಕ್ರೆಟರಿ ಮೀಟಿಂಗ್ ಪುಸ್ತಕ ನೋಡಿದ್ದಾನೆ, ಆವತ್ತಿಂದ ಸಹಿ ಇಲ್ಲ — ಸತ್ತೋರ ಜೊತೆ ಸೇರಿಸಿದ್ದಾನೆ. ಒಂದು ಫೋನ್ ಮಾಡಿ ವಿಚಾರಿಸೋದು ಬೇಡವಾ? ನಾನೂ ಇವನಿಗೋಸ್ಕರ ಕಣ್ಣು ಒರೆಸ್ಕೊಂಡು ಬರೆದಿದ್ದೆ. ದಂಡ.

"ಅಕ್ಷರ ಚೆನ್ನಾಗಿದೆ ಕಣಣ್ಣ. ಇರಲಿ ಬಿಡು, ಮುಂದಕ್ಕೆ ಆಗುತ್ತೆ," ಅಂದ ಅವನು.

ಮಾರ್ಕೆಟ್ಟೆಲ್ಲಾ ನಗು. ಸೆಕ್ರೆಟರಿ ಮುಖ ಹುಳ್ಳಗೆ. ತೂಕದವನು ಕೊನೆ ಸಾಲಿನ ತನಕ ಓದಿದ. "ಟೀ ಅಕ್ಕ ಎಲ್ಲಿ?"

ಎಲ್ಲರೂ ಸೆಕ್ರೆಟರಿ ಕಡೆ ತಿರುಗಿದ್ರು.

"ಅವರು ಮೆಂಬರ್ ಅಲ್ಲ," ಸೆಕ್ರೆಟರಿ, "ರೂಲ್ಸ್ ಪ್ರಕಾರ..."

"ನನ್ನನ್ನ ಸಾಯಿಸಿದ್ದೂ ರೂಲ್ಸ್ ಪ್ರಕಾರಾನಾ?" ಚೀಲ ಕೆಳಗಿಟ್ಟ. "ನನ್ನ ಜಾಗ ಅಕ್ಕಂಗೆ ಬಿಟ್ಟೆ. ಬರೆಸು."

ಸೆಕ್ರೆಟರಿ ಸುತ್ತ ನೋಡಿದ. "ಬರೀರಿ ಯಜಮಾನ್ರೇ."

ಒಂದು ಮಾತಿನ ಕೆಲಸ. ಅದಕ್ಕೆ ಒಬ್ಬ ಸತ್ತು ವಾಪಸ್ ಬರಬೇಕಾಯ್ತು.

ಮೂರು ಗಂಟೆ

ಹನ್ನೊಂದನೇ ಸಾಲು ಬ್ಲೇಡಲ್ಲಿ ಕೆರೆದೆ. ಮೇಲೊಂದು ಕೋಟ್ ಹಚ್ಚಿದೆ. ಬಿಸಿಲಿಗೆ ಬೇಗ ಒಣಗಿದೆ.

ಸೆಕ್ರೆಟರಿ ಪೆನ್ನು ಹಿಡ್ಕೊಂಡು ಬಂದ. "ಅಕ್ಕನ ಹೆಸರೇನು, ಪುಸ್ತಕಕ್ಕೆ?"

ಎಲ್ಲರಿಗೂ ಟೀ ಅಕ್ಕ. ನನಗೆ 'ಏ ಇವಳೇ'. ನಲವತ್ತೊಂದು ವರ್ಷ ಹೆಸರು ಹಿಡಿದು ಕರೆದಿಲ್ಲ. ಡಾಕ್ಟರು, ವಕೀಲ, ಕಟಿಂಗ್ ಶಾಪು, ಊರಿಗೆಲ್ಲಾ ಹೆಸರು ಬರೆದುಕೊಟ್ಟೆ. ಅವಳ ಟೀ ಗಾಡಿಗೆ ಒಂದು ಬೋರ್ಡ್ ಬರೆದುಕೊಡಿ ಅಂತ ಎಷ್ಟು ಸಲ ಕೇಳಿದಳು. ಪ್ರತಿ ಸಲ ನಾಳೆ ಅಂದೆ.

ಹೇಳೋಕೆ ಹೋದೆ. ಬ್ರಷ್ ಎತ್ಕೊಂಡೆ. "ಬರೆದ್ಮೇಲೆ ನೋಡ್ಕೋ" ಅಂದೆ. ನೆರಳು ಬೀಳುತ್ತೆ ಅಂತ ಎಲ್ಲರನ್ನೂ ಬೈದು ಅಟ್ಟಿದೆ.

ಐದು ಗಂಟೆ

ಒಂದು ಅಕ್ಷರ ಆಯ್ತು. ಒರೆಸಿ ಒರೆಸಿ ಮೂರನೇ ಸಲಕ್ಕೆ. ಇನ್ನೆರಡಿವೆ. ಬೆನ್ನು ನೋವು ಅಂತ ಕೂತಿದ್ದೀನಿ. ಬೆನ್ನಿಗೆ ಏನೂ ಆಗಿಲ್ಲ.

ಬೆಳಕು ಇಳೀತಿದೆ. ಸೆಕ್ರೆಟರಿ ಆಚೆಯಿಂದ ಕೂಗ್ತಿದ್ದಾನೆ, ಮುಗೀತಾ ಅಂತ. ಇರಪ್ಪ. ಅವಳು ನಲವತ್ತೊಂದು ವರ್ಷ ಕಾದಳು, ನೀನು ಹತ್ತು ನಿಮಿಷ...