ಖಾಲಿ ಹೊಟ್ಟೆ, ಖಾಲಿ ಜೇಬು

ಅಂಗಡಿಯ ಹಿಂದಿನ ಕೋಣೆ
ಮಾರ್ಚ್ ೧೧, ಸೋಮವಾರ

ಪ್ರೀತಿಯ ತಮ್ಮನಿಗೆ,

ಪ್ರೀತಿಯ ಎಂದು ಬರೆದದ್ದು ಕೈಗೆ ಅಂಟಿದ ಅಭ್ಯಾಸ. ಅದಕ್ಕೆ ಹೆಚ್ಚು ಬೆಲೆ ಕಟ್ಟಬೇಡ. ಆರೋಗ್ಯವಾಗಿದ್ದೀಯಾ? ಇರಲೇಬೇಕು. ಮೊನ್ನೆ ಆಸ್ಪತ್ರೆಯ ಮೆಟ್ಟಿಲಿಳಿದು ನೀನು ಓಡಿದ ವೇಗ ಕಂಡವರು ನಿನ್ನ ಮಂಡಿನೋವಿನ ಕಥೆಯನ್ನು ಇನ್ನು ನಂಬುವುದಿಲ್ಲ. ಫೋನು ಮಾಡಿದರೆ ಕಟ್ ಮಾಡುತ್ತೀಯ, ಅದಕ್ಕೇ ಕಾಗದ. ಇದನ್ನು ಬೇಕಿದ್ದರೆ ಹರಿದು ಹಾಕು, ಆದರೆ ಓದಿದ ಮೇಲೇ ಹರಿಯುತ್ತೀಯೆಂದು ನನಗೆ ಗೊತ್ತು.

"ಒಂದ್ ಬಿಸ್ಕತ್ತಿಗೆ ಅಕ್ಕ ನಾಲ್ಕು ಜನರ ಮುಂದೆ ನನ್ ಮಾನ ಕಳೆದ್ಲು" ಎಂದು ನೀನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿರುವುದು ನನ್ನ ಕಿವಿಗೂ ಬಿತ್ತು. ಕುರ್ಚಿ ಬಾಡಿಗೆಗೆ ಕೊಟ್ಟು ಬದುಕು ಕಟ್ಟಿಕೊಂಡವಳಪ್ಪ ನಾನು. ಹೋದದ್ದೆಷ್ಟು, ಬಂದದ್ದೆಷ್ಟು, ಯಾವುದರ ಕಾಲು ಮುರಿದಿದೆ, ಅದರ ಮೇಲೆ ಕುಣಿದವನು ಯಾರು, ಇಷ್ಟನ್ನೂ ನೋಡದೆ ಯಾವ ಗಾಡಿಯನ್ನೂ ಒಳಗೆ ಬಿಟ್ಟವಳಲ್ಲ. ಆ ಬೆಳಗನ್ನೂ ಹಾಗೇ ಇಳಿಸಿ ನೋಡೋಣ ಬಾ.

ಗುಬ್ಬಿಯ ಬಾಯಲ್ಲಿ ಏಳು ಹುಳುಕು ಹಲ್ಲು. ಐದು ವರ್ಷದ ನನ್ನ ಮಗಳ ಹಲ್ಲು ಇಷ್ಟೊಂದು ಹಾಳಾಗಲು ನಿನ್ನ ಜೇಬಿನ ಚಾಕೊಲೇಟುಗಳು ಎಷ್ಟು ದುಡಿದವೆಂಬುದನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಹಲ್ಲಿನ ಡಾಕ್ಟರ ಬೆರಳನ್ನು ಅವಳು ಎರಡು ಸಲ ಕಚ್ಚಿದಳು. ಎಚ್ಚರದಲ್ಲಿ ಈ ಹುಡುಗಿಯ ಹತ್ತಿರ ಆಗದು, ಆಸ್ಪತ್ರೆಯಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಿ ಒಂದೇ ಸಲಕ್ಕೆ ಎಲ್ಲ ಮುಗಿಸೋಣ ಎಂದರು. ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ. ಕೈ ನಡುಗಿತು, ಯಾರೂ ನೋಡಲಿಲ್ಲ ಎಂದುಕೊಂಡೆ. ರಾತ್ರಿ ಊಟವಾದ ಮೇಲೆ ತಿನ್ನಲು ಏನೂ ಕೊಡಬೇಡಿ, ಹಾಲೂ ಬೇಡ ಎಂದು ನರ್ಸಮ್ಮ ಹೇಳುವಾಗ ನನಗಿಂತ ಜೋರಾಗಿ ತಲೆಯಾಡಿಸಿದವನು ನೀನೇ.

ಮೊನ್ನೆ ಬೆಳಿಗ್ಗೆ ನಾನು ಆಸ್ಪತ್ರೆಯ ಕೌಂಟರಿನ ಸಾಲಿನಲ್ಲಿದ್ದೆ. ಮಗು ಹಸಿವೆಂದು ಅತ್ತಿತು, ನಿನ್ನ ಕರುಳು ಚುರುಕ್ಕೆಂದಿತು. ನನ್ನದೇನು ಕರುಳಲ್ಲ, ನಲ್ಲಿಯ ಪೈಪು! ಒಳಗೆ ಕರೆದೊಯ್ಯುವ ಮುನ್ನ ಅರಿವಳಿಕೆಯ ಡಾಕ್ಟರಮ್ಮ ಅವಳೆದುರು ಮಂಡಿಯೂರಿ, "ಬೆಳಿಗ್ಗೆ ಏನ್ ತಿಂದೆ ಪುಟ್ಟಾ?" ಎಂದರು. ನಿನ್ನ ಸೋದರ ಸೊಸೆ ಕೊಟ್ಟ ಮಾತು ತಪ್ಪುವವಳಲ್ಲ. "ಏನೂ ತಿಂದಿಲ್ಲ. ಬಿಸ್ಕತ್ತಿನ ವಿಷ್ಯ ಯಾರಿಗೂ ಹೇಳ್ಬೇಡ ಅಂತ ಮಾಮ ಹೇಳಿದಾರೆ" ಎಂದಳು. ಡಾಕ್ಟರಮ್ಮ ಅಲ್ಲಿಗೇ ಎದ್ದುಬಿಟ್ಟರು. ಪ್ರಜ್ಞೆಯಿಲ್ಲದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಮಗು ಕೆಮ್ಮಲಾರದು, ಉಗುಳಲಾರದು, ಅದು ನೇರ ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಸಂಚಕಾರ ಬರಬಹುದು, ಇವತ್ತು ಕರೆದುಕೊಂಡು ಹೋಗಿ ಎಂದರು. ನೀನು ಆಗ ಗೋಡೆಯ ಗಡಿಯಾರ ನೋಡುತ್ತಿದ್ದೆ. ನೋಡಿ ಮುಗಿಸಿ, "ಬಿಸ್ಕತ್ತೇನ್ ವಿಷಾನಾ?" ಎಂದೆ.

ಅದಕ್ಕೇ ಬೈದದ್ದು. ಬಿಸ್ಕತ್ತು ಕೊಟ್ಟೆ, ಹೋಗಲಿ, ಪೆದ್ದುತನ ನಿನಗೆ ಹುಟ್ಟಿನಿಂದ ಬಂದದ್ದು. ಮುಚ್ಚಿಡಲು ಮಗುವಿಗೆ ಹೇಳಿಕೊಟ್ಟೆಯಲ್ಲ ಮಹಾರಾಯ! ಗುಬ್ಬಿ ನಿನ್ನಷ್ಟು ಜಾಣೆಯಾಗಿದ್ದಿದ್ದರೆ ಇವತ್ತು ನಾನು ಯಾರಿಗೂ ಕಾಗದ ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಹುಳುಕು ಹಲ್ಲು ಹಾಗೇ ಉಳಿದು ಈಗ ಅವಳ ಬಲಗೆನ್ನೆ ಊದಿದೆ. ಎಡಗಡೆಯಿಂದಲೇ ಅಗಿಯುತ್ತಾಳೆ, ಪ್ರತಿ ತುತ್ತಿಗೂ "ಇದನ್ನ ಡಾಕ್ಟ್ರಿಗೆ ಹೇಳ್ಬಹುದಾ?" ಎಂದು ಕೇಳುತ್ತಾಳೆ. ನೀನು ಕಲಿಸಿದ ಪಾಠ ಎಷ್ಟು ಚೆನ್ನಾಗಿ ಮನನವಾಗಿದೆ ನೋಡು.

ನಿನ್ನ ಭಾವ ಆಶೀರ್ವಾದ ತಿಳಿಸು ಎಂದರು. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ಮಂಡಿ ನೋಡಿಕೋ.

ಇಂತಿ,
ನಿನ್ನ ಮಾನ ಕಳೆದ
ಅಕ್ಕ

ತಾ.ಕ.: ಬಾಡಿಗೆ ಕುರ್ಚಿಗಳ ಗಾಡಿ ನಿಮ್ಮ ಕಡೆಗೇ ಹೊರಟಿದೆ, ಕಾಗದವನ್ನು ಅದರಲ್ಲೇ ಕಳಿಸುತ್ತೇನೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಗುರುವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಬರಹೇಳಿದ್ದಾರೆ. ಮಾಸ್ಕ್ ಇಟ್ಟು ನಿದ್ದೆ ಬರುವವರೆಗೆ ಮಗುವಿನ ಕೈ ಹಿಡಿದುಕೊಳ್ಳಲು ಮನೆಯವರೊಬ್ಬರನ್ನು ಒಳಗೆ ಬಿಡುತ್ತಾರಂತೆ. ನಾನೇ ಎಂದುಕೊಂಡಿದ್ದೆ. "ಅಮ್ಮ ಬೇಡ, ಅಮ್ಮನ ಕೈ ನಡುಗುತ್ತೆ, ಮಾಮ ಬರ್ಲಿ" ಅಂದಳು. ಬಾ. ಜೇಬು ಖಾಲಿ ಮಾಡಿಕೊಂಡು ಬಾ. ಗೇಟಿನಲ್ಲಿ ನಾನೇ ತಡವಿ ನೋಡುತ್ತೇನೆ.